ಗಾಳಿಯ ಹಿಡಿತ

ಸಕಲೇಶಪುರವನ್ನು ದಾಟಿ ಶಿರಾಡಿ ಘಟ್ಟವನ್ನಿಳಿಯುವ ಬಸ್ಸಿನಲ್ಲಿ ಪ್ರಯಾಣಿಕರು ನಿಶ್ಚಿಂತರಾಗಿ ತೂಕಡಿಸುತ್ತಾರೆ. ಜನ, ಸಾಮಾನು ಸೇರಿ ಸುಮಾರು 15 ಟನ್ ತೂಗುವ ಆ ವಾಹನವನ್ನು ಹಿಡಿದು ನಿಲ್ಲಿಸುವ ಶಕ್ತಿ ಮುಖ್ಯವಾಗಿ ಗಾಳಿಯದೆಂಬುದನ್ನು ಬಲ್ಲವರು ವಿರಳ.

ಅಮೆರಿಕದ ಜಾರ್ಜ್ ವೆಸ್ಟಿಂಗ್‌ಹೌಸ್ 1869ರಲ್ಲಿ ರೈಲಿಗಾಗಿ ಪೇಟೆಂಟ್ ಪಡೆದ ಏರ್‌ಬ್ರೇಕಿನ ತತ್ತ್ವವೇ ಇಲ್ಲಿಯೂ ಉಂಟು. ಎಂಜಿನ್ನಿನ ಬಲದಿಂದ ನಡೆಯುವ ಕಂಪ್ರೆಸರ್ ಗಾಳಿಯನ್ನು ಒತ್ತಿ ಟ್ಯಾಂಕುಗಳಲ್ಲಿ ತುಂಬುತ್ತದೆ. ಚಾಲಕನು ಪೆಡಲನ್ನು ತುಳಿದೊಡನೆ ಆ ಗಾಳಿ ನುಗ್ಗಿ ಬ್ರೇಕಿನ ಲೈನಿಂಗನ್ನು ಡ್ರಮ್ಮಿಗೆ ಒತ್ತುತ್ತದೆ.

ಆದರೆ ಗಾಳಿಯೊಡನೆ ತೇವವೂ ಒಳಸೇರುತ್ತದೆ. ತಣಿದಾಗ ಅದು ನೀರಾಗಿ ಟ್ಯಾಂಕಿನ ತಳದಲ್ಲಿ ನಿಲ್ಲುತ್ತದೆ. ನೀರು ಹೆಚ್ಚಿದಷ್ಟೂ ಗಾಳಿಗೆ ಸ್ಥಳ ಕಿರಿದು. ಕೆಲವು ಬಾರಿ ತುಳಿಯುವಷ್ಟರಲ್ಲಿ ಒತ್ತಡ ಕುಸಿಯುತ್ತದೆ, ವಾಲ್ವುಗಳೂ ತುಕ್ಕು ಹಿಡಿಯುತ್ತವೆ. ಆದುದರಿಂದಲೇ ತಳದ ವಾಲ್ವನ್ನು ತೆರೆದು ನೀರನ್ನು ಹೊರಬಿಡುವುದು ನಿತ್ಯಕರ್ಮವಾಗಬೇಕು. ಏರ್ ಡ್ರೈಯರ್ ಇರುವ ಹೊಸ ವಾಹನದಲ್ಲಿಯೂ ನೀರು ಕಂಡರೆ ಡ್ರೈಯರನ್ನು ಪರೀಕ್ಷಿಸತಕ್ಕದ್ದು. ಎಂಜಿನ್ನನ್ನು ನಿಲ್ಲಿಸಿ ಪೆಡಲನ್ನು ತುಳಿದು ಹಿಡಿದಾಗ ಗೇಜಿನ ಮುಳ್ಳು ಇಳಿಯುತ್ತಲೇ ಹೋದರೆ ಎಲ್ಲಿಯೋ ಸೋರಿಕೆಯಿದೆ.

ಗಾಳಿಯೆಲ್ಲ ಸೋರಿದರೆ ಸ್ಪ್ರಿಂಗುಗಳೇ ಹಿಂದಿನ ಚಕ್ರಗಳನ್ನು ಬಿಗಿಹಿಡಿಯುವ ಏರ್ಪಾಡು ಇಂದಿನ ಬಸ್ಸುಗಳಲ್ಲುಂಟು. ಆದರೆ ಆ ಸ್ಪ್ರಿಂಗು ಒತ್ತುವುದೂ ಅದೇ ಲೈನಿಂಗನ್ನು. ಅದು ಸವೆದಿದ್ದರೆ, ಇಲ್ಲವೆ ಇಳಿಜಾರಿನಲ್ಲಿ ಎಡೆಬಿಡದೆ ಬ್ರೇಕು ತುಳಿದುದರಿಂದ ಕಾದಿದ್ದರೆ, ಕೊನೆಯ ಆಸರೆಯೂ ಸಡಿಲವಾಗುತ್ತದೆ.

ಮೆಕ್ಯಾನಿಕ್ಕು ರಾತ್ರಿ ಡಿಪೋದಲ್ಲಿ ಮಾಡುವ ಈ ಪರೀಕ್ಷೆ ಕೆಲವೇ ನಿಮಿಷಗಳದು. ಪ್ರಯಾಣಿಕರ ಕಣ್ಣಿಗೆ ಬೀಳದ್ದು. ಆದರೂ ಘಟ್ಟದ ತಿರುವಿನಲ್ಲಿ ಬೇಕಾಗುವ ಬ್ರೇಕು ಡಿಪೋದಲ್ಲಿಯೇ ಸಿದ್ಧವಾಗಿರತಕ್ಕದ್ದು.