ಜಪಾನಿನ ಕಡಲೂರು ಫುದಾಯಿ

ಜಪಾನ್ ದೇಶದ ಭೂಪಟದಲ್ಲಿ ಹೊನ್‌ಷು ದ್ವೀಪದ ಈಶಾನ್ಯ ಅಂಚನ್ನು ನೋಡಿದರೆ ಶಾಂತಸಾಗರಕ್ಕೆ ಮುಖಮಾಡಿ ನಿಂತ ಸಾನ್‌ರಿಕು ಕರಾವಳಿ ಕಾಣುತ್ತದೆ. ಅಲ್ಲಿ ಇವಾತೆ ಪ್ರಾಂತ್ಯದೊಳಗೆ, ಉತ್ತರ ಅಕ್ಷಾಂಶ 40ರ ರೇಖೆ ಹಾದುಹೋಗುವೆಡೆಯಲ್ಲಿ, ಫುದಾಯಿ ಎಂಬ ಚಿಕ್ಕ ಊರಿದೆ. ಅದರ ಜನಸಂಖ್ಯೆ ಮೂರು ಸಾವಿರಕ್ಕೂ ಕಡಮೆ. ಎರಡು ಬದಿಗಳಲ್ಲಿಯೂ ಕಡಿದಾದ ಗುಡ್ಡಗಳು. ನಡುವಿನ ಕಣಿವೆಯಲ್ಲಿ ಹರಿದು ಕಡಲನ್ನು ಸೇರುವ ಒಂದು ಕಿರುಹೊಳೆ. ಹೊಳೆಯ ದಡದಲ್ಲಿ ಮನೆಗಳು, ಶಾಲೆ, ರೈಲು ನಿಲ್ದಾಣ.

ಈ ಕರಾವಳಿಯ ಹೊರಗಡಲಿನಲ್ಲಿ ದಕ್ಷಿಣದಿಂದ ಬರುವ ಕುರೋಷಿಯೊ ಎಂಬ ಬಿಸಿನೀರಿನ ಪ್ರವಾಹವೂ ಉತ್ತರದಿಂದ ಬರುವ ಒಯಾಷಿಯೊ ಎಂಬ ತಣ್ಣೀರಿನ ಪ್ರವಾಹವೂ ಕೂಡುತ್ತವೆ. ಆದುದರಿಂದ ಇಲ್ಲಿ ಮತ್ಸ್ಯಸಂಪತ್ತು ಹೇರಳ. ಫುದಾಯಿಯವರು ಸಾಲ್ಮನ್ ಮೀನನ್ನು ಹಿಡಿಯುತ್ತಾರೆ. ಕೊಂಬು, ವಕಾಮೆ ಎಂಬ ತಿನ್ನುವ ಕಡಲಪಾಚಿಗಳನ್ನು ಬೆಳೆಸುತ್ತಾರೆ.

ಅನ್ನವಿಕ್ಕುವ ಈ ಕಡಲೇ ಹಲವು ಬಾರಿ ಊರನ್ನು ನುಂಗಿದೆ. ಜಪಾನಿ ಭಾಷೆಯಲ್ಲಿ ‘ಸು’ ಎಂದರೆ ಬಂದರು, ‘ನಾಮಿ’ ಎಂದರೆ ಅಲೆ. ಕಡಲತಳವು ಒಮ್ಮೆಲೆ ಜರುಗಿದಾಗ ಅದರ ಮೇಲಿನ ಜಲರಾಶಿಯೆಲ್ಲ ಕದಲುತ್ತದೆ. ಆಳವಾದ ಕಡಲಿನಲ್ಲಿ ದೋಣಿಯವನಿಗೆ ಅದು ಅರಿವಿಗೇ ಬಾರದು. ದಡ ಸಮೀಪಿಸಿದಂತೆ ಅಲೆ ನಿಧಾನವಾಗಿ ಎತ್ತರವಾಗುತ್ತದೆ; ಇಕ್ಕಟ್ಟಾದ ಕಣಿವೆಯಲ್ಲಿ ಇನ್ನಷ್ಟು ಏರುತ್ತದೆ. 1896ರ ಜೂನ್ 15ರ ಸಂಜೆ ಸಾನ್‌ರಿಕು ತೀರದಲ್ಲಿ ನೆಲ ಅದುರಿದ್ದು ಅಲ್ಪವೇ. ಆದುದರಿಂದ ಜನರು ಓಡಲಿಲ್ಲ. ಆ ರಾತ್ರಿ ಕರಾವಳಿಯುದ್ದಕ್ಕೂ ಸುಮಾರು 22 ಸಾವಿರ ಮಂದಿ ಮಡಿದರು. 1933ರ ಮಾರ್ಚ್ 3ರ ನಸುಕಿನಲ್ಲಿ ಅದೇ ವಿಪತ್ತು ಮರುಕಳಿಸಿತು. ಎರಡು ಸುನಾಮಿಗಳೂ ಸೇರಿ ಫುದಾಯಿ ಒಂದರಲ್ಲಿಯೇ 439 ಜೀವಗಳು ಹೋದವು.

ಮಣ್ಣಿನಡಿಯಿಂದ ಹೆಣಗಳನ್ನು ತೆಗೆಯುವುದನ್ನು ಅಂದು ಕಣ್ಣಾರೆ ಕಂಡ ತರುಣರಲ್ಲಿ ಕೊತೊಕು ವಾಮುರಾ ಒಬ್ಬರು. 1947ರಿಂದ 1987ರವರೆಗೆ, ನಲವತ್ತು ವರ್ಷ, ಅವರೇ ಊರಿನ ಅಧ್ಯಕ್ಷರಾಗಿದ್ದರು. 1896ರ ಅಲೆ ಹದಿನೈದು ಮೀಟರು ಏರಿತ್ತೆಂದು ಹಿರಿಯರು ಹೇಳುತ್ತಿದ್ದರು. ತಡೆಗೋಡೆಯೂ ಅದಕ್ಕಿಂತ ಕಡಮೆಯಾಗಬಾರದೆಂದು ವಾಮುರಾ ಹಟ ಹಿಡಿದರು. 1967ರಲ್ಲಿ ನೆರೆಯ ಓತನಾಬೆ ಕೇರಿಗೆ 15.5 ಮೀಟರು ಎತ್ತರದ ಗೋಡೆ ಎದ್ದಿತು. ಬಳಿಕ ಫುದಾಯಿ ಹೊಳೆಗೆ ಅಡ್ಡಲಾಗಿ, ಅಷ್ಟೇ ಎತ್ತರದ, 205 ಮೀಟರು ಉದ್ದದ ಅಣೆಯನ್ನೂ ಅದಕ್ಕೆ ಉಕ್ಕಿನ ಕದಗಳನ್ನೂ ಕಟ್ಟಲಾಯಿತು. 1984ರಲ್ಲಿ ಅದು ಮುಗಿದಾಗ ಸುಮಾರು 356 ಕೋಟಿ ಯೆನ್ ವೆಚ್ಚವಾಗಿತ್ತು. ಇಷ್ಟು ಚಿಕ್ಕ ಊರಿಗೆ ಇಷ್ಟು ದೊಡ್ಡ ಗೋಡೆಯೇ ಎಂದು ಆಕ್ಷೇಪಿಸಿದವರು ಹಲವರು.

2011ರ ಮಾರ್ಚ್ 11ರ ಮಧ್ಯಾಹ್ನ ಮಹಾಭೂಕಂಪವಾಯಿತು. ದೊಡ್ಡ ಕದಗಳನ್ನು ಸಿಬ್ಬಂದಿ ದೂರನಿಯಂತ್ರಣದಿಂದ ಇಳಿಸಿದರು. ಪಕ್ಕದ ಚಿಕ್ಕ ಕದಗಳು ಸಿಕ್ಕಿಕೊಳ್ಳಲು, ಅಗ್ನಿಶಾಮಕ ದಳದವರು ಧಾವಿಸಿ ಕೈಯಿಂದಲೇ ಅವನ್ನು ಮುಚ್ಚಿದರು. ಇಪ್ಪತ್ತು ಮೀಟರನ್ನೂ ಮೀರಿ ಬಂದ ಅಲೆ ಅಣೆಯನ್ನು ದಾಟಿತಾದರೂ ಅದರ ಬಲ ಅಲ್ಲಿಯೇ ಮುರಿಯಿತು. ನೀರು ಶಾಲೆಯನ್ನು ಮುಟ್ಟದೆ ನಿಂತಿತು. ಅಣೆಯ ಹೊರಗಿದ್ದ ಬಂದರೂ ನೂರಾರು ದೋಣಿಗಳೂ ನಾಶವಾದವು; ಮನೆಗಳು ಉಳಿದವು. ಜಪಾನಿನಲ್ಲಿ ಆ ದಿನ ಸತ್ತವರೂ ಕಾಣೆಯಾದವರೂ 18 ಸಾವಿರಕ್ಕೂ ಹೆಚ್ಚು. ಫುದಾಯಿಯಲ್ಲಿ ಕಾಣೆಯಾದವನು ಒಬ್ಬನೇ: ತನ್ನ ದೋಣಿಯನ್ನು ನೋಡಿಬರಲು ಕಡಲ ಕಡೆಗೆ ಹೋದವನು.

ಗೋಡೆಯೊಂದಿದ್ದರೆ ಸಾಕೆಂದು ಇದರಿಂದ ತಿಳಿಯಬಾರದು. ಅದೇ ಕರಾವಳಿಯ ದಕ್ಷಿಣಕ್ಕಿರುವ ತಾರೊ ಊರಿಗೂ ಹತ್ತು ಮೀಟರು ಎತ್ತರದ ಪ್ರಸಿದ್ಧ ಗೋಡೆಗಳಿದ್ದವು. ಅವನ್ನು ನಂಬಿ ಕೆಲವರು ಓಡದೆ ಉಳಿದರು; ಅಲೆ ಗೋಡೆಯನ್ನು ಮೀರಿ ಊರನ್ನು ನೆಲಸಮ ಮಾಡಿತು. 2004ರ ಡಿಸೆಂಬರ್ 26ರಂದು ಚೆನ್ನೈಯ ಮರೀನಾ ತೀರಕ್ಕೆ ನುಗ್ಗಿದ ಕಡಲನ್ನು ಕಂಡವರಿಗೆ ಈ ಮಾತು ದೂರದ್ದೆನಿಸದು. ನೆಲ ನಡುಗಿದೊಡನೆ, ಅಥವಾ ಕಡಲು ಒಮ್ಮೆಲೆ ಹಿಂಜರಿದೊಡನೆ, ಎತ್ತರದ ಜಾಗಕ್ಕೆ ಓಡಬೇಕು. ಬಿಟ್ಟುಬಂದ ವಸ್ತುವಿಗಾಗಿ ಹಿಂದಿರುಗಬಾರದು.

ವಾಮುರಾ 1997ರಲ್ಲಿಯೇ ತೀರಿಕೊಂಡಿದ್ದರು. ಸುನಾಮಿಯ ತರುವಾಯ ಊರವರು ಅವರ ಸಮಾಧಿಗೆ ಹೋಗಿ ತಲೆಬಾಗಿ ಬಂದರು. ದೋಣಿಗಳನ್ನು ಕಳೆದುಕೊಂಡ ಬೆಸ್ತರು ಮತ್ತೆ ಅದೇ ಕಡಲಿಗೆ ಇಳಿದರು.