ನಿಮಗಿದು ಗೊತ್ತೆ? ಬಸುರಿಯ ಮನಸ್ಸಿಗೂ ತಪಾಸಣೆ ಉಂಟು

ಕೋವಿಡ್‌ಗೆ ದೇಶದಲ್ಲೇ ಮೊದಲು ಬಲಿಯಾದವರು ಕಲಬುರಗಿಯ ವೃದ್ಧರೊಬ್ಬರು, 2020ರ ಮಾರ್ಚ್ 10ರಂದು. ಎರಡು ವಾರ ಕಳೆಯುವಷ್ಟರಲ್ಲಿ ಲಾಕ್‌ಡೌನ್ ಬಂತು. ಆಳಂದ, ಅಫಜಲಪುರ, ಜೇವರ್ಗಿ ಕಡೆ ಚೊಚ್ಚಲ ಬಸುರಿಗೆ ಕುಬಸ ಮಾಡಿ ತವರಿಗೆ ಕರೆದೊಯ್ಯುವುದು ರೂಢಿ. ಬಸ್ಸು ನಿಂತವು, ರಾಜ್ಯದ ಗಡಿ ಮುಚ್ಚಿತು. ಅಕ್ಕಲಕೋಟೆ, ಸೊಲ್ಲಾಪುರದ ಕಡೆ ತವರಿದ್ದವರಿಗೆ ಹೆತ್ತವ್ವನೇ ದೂರವಾದಳು. ಮುಂಬೈ, ಪುಣೆಯಿಂದ ಮರಳಿದ ಕೂಲಿ ಕುಟುಂಬಗಳಿಗೆ ಕ್ವಾರಂಟೈನ್ ಕಾದಿತ್ತು. ಆ ದಿನಗಳಲ್ಲಿ ಬಸುರಿಯರ ರಕ್ತ, ತೂಕ ನೋಡಿದವರುಂಟು. ಮನಸ್ಸನ್ನು ಕೇಳಿದವರು ಕಡಿಮೆ.

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಅಭಿವೃದ್ಧಿಶೀಲ ದೇಶಗಳಲ್ಲಿ 100 ಗರ್ಭಿಣಿಯರಲ್ಲಿ ಸುಮಾರು 16 ಮಂದಿಗೆ ಮಾನಸಿಕ ತೊಂದರೆ ಇರುತ್ತದೆ, ಹೆಚ್ಚಾಗಿ ಖಿನ್ನತೆ. ಇದು ಕೋವಿಡ್‌ಗೂ ಮುಂಚಿನ ಲೆಕ್ಕ!

ನಿದ್ದೆ ಬಾರದು, ಊಟ ಸೇರದು, ಸುಮ್ಮಸುಮ್ಮನೆ ಅಳು. 'ಬಸುರಿಗೆ ಇದೆಲ್ಲ ಇದ್ದದ್ದೇ' ಎನ್ನುತ್ತಾರೆ ಮನೆಯವರು. ಕೆಲವೊಮ್ಮೆ ಅದು ನಿಜವೂ ಹೌದು. ಆದರೆ ಎರಡು ವಾರವಾದರೂ ಬಿಡದೆ ಕಾಡಿದರೆ ವೈದ್ಯರಿಗೆ ತೋರಿಸಲೇಬೇಕು.

ಬಾಣಂತಿಯರ ಖಿನ್ನತೆ ಗುರುತಿಸಲು 1987ರಲ್ಲೇ ಬಂದ 'ಎಡಿನ್‌ಬರೊ ಮಾಪಕ' ಬಸುರಿಯರಿಗೂ ಬಳಕೆಯಲ್ಲಿದೆ. ಕಳೆದ 7 ದಿನಗಳ ಮನಃಸ್ಥಿತಿಯ ಬಗ್ಗೆ 10 ಪ್ರಶ್ನೆ, ಒಟ್ಟು 30 ಅಂಕ. ಯಂತ್ರ ಬೇಡ, ಸೂಜಿ ಬೇಡ. ಕೇಳುವ ವ್ಯವಧಾನ ಸಾಕು. ಬಾಣಂತಿಯನ್ನು ಕೂಸಿನೊಂದಿಗೇ ದಾಖಲಿಸಿಕೊಳ್ಳುವ ಮನೋಚಿಕಿತ್ಸಾ ಘಟಕ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದೆ. ಅಷ್ಟು ದೂರ ಹೋಗಲಾಗದವರು 2022ರಲ್ಲಿ ಆರಂಭವಾದ 'ಟೆಲಿ ಮಾನಸ್' ಸಹಾಯವಾಣಿ 14416ಕ್ಕೆ ಕರೆ ಮಾಡಿ. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು.