ಎದೆನೋವಿಲ್ಲ, ಸುಸ್ತಿಲ್ಲ, ಆದ್ರೂ ಒಳಗೊಳಗೇ ಹಾರ್ಟ್ ಹಾಳು! ಏನಿದು ಚಾಗಸ್ ಕಾಯಿಲೆ?

ಬ್ರೆಜಿಲ್, ಬೊಲಿವಿಯಾ ಕಡೆಯ ಹಳ್ಳಿಗಳಲ್ಲಿ ಮಣ್ಣಿನ ಗೋಡೆ ಬಿರುಕಿನಲ್ಲಿ ಒಂದು ಹುಳ ಇರುತ್ತೆ. ನಮ್ಮ ತಿಗಣೆಯ ದೂರದ ಸಂಬಂಧಿ ಅನ್ನಿ. ರಾತ್ರಿ ರಕ್ತ ಹೀರಿ ಅಲ್ಲೇ ಹಿಕ್ಕೆ ಹಾಕುತ್ತೆ. ರೋಗಾಣು ಇರೋದು ಆ ಹಿಕ್ಕೆಯಲ್ಲಿ. ತುರಿಸಿಕೊಂಡರೆ ಮೈಯೊಳಗೆ ಸೇರುತ್ತೆ. 1909ರಲ್ಲಿ ಇದನ್ನು ಪತ್ತೆ ಹಚ್ಚಿದ್ದು ಬ್ರೆಜಿಲ್‌ನ ವೈದ್ಯ ಕಾರ್ಲೋಸ್ ಚಾಗಸ್. (ನಮ್ಮ ಮನೆ ತಿಗಣೆಯಿಂದ ಇದು ಹರಡಲ್ಲ, ಗಾಬರಿ ಬೇಡ.)

ಮೊದಲು ಸಣ್ಣ ಜ್ವರ, ಆಮೇಲೆ ಏನೂ ಇಲ್ಲ. ರೋಗಿಯೂ ಮರೆತುಬಿಡ್ತಾನೆ. ಆದರೆ ಸುಮಾರು ಮೂರರಲ್ಲಿ ಒಬ್ಬರಿಗೆ 10–30 ವರ್ಷದ ನಂತರ ಹೃದಯ ಕೈಕೊಡುತ್ತೆ. ಕೆಲವರಿಗೆ ದಿಢೀರ್ ಸಾವು.

ಹಾಗಾಗಿ ಸೋಂಕಿತರಿಗೆ ಆಗಾಗ ಇಸಿಜಿ ಮಾಡಿಸ್ತಾರೆ. ಹೃದಯದ ಕರೆಂಟ್ ಓಡೋ ದಾರಿಯಲ್ಲಿ ಅಡ್ಡಿ ಇದ್ದರೆ ಅದರಲ್ಲೇ ಕಾಣುತ್ತೆ. ಮಾಮೂಲಿ ಎಕೋದಲ್ಲಿ ಪಂಪಿಂಗ್ ಸರಿಯಿದೆ ಅಂತ ಬಂದರೂ ಸ್ನಾಯು ಸೋಲ್ತಾ ಇರಬಹುದು. ಅದನ್ನು ಹಿಡಿಯೋದು ಸ್ಟ್ರೇನ್ ಎಕೋ: ಪ್ರತಿ ಬಡಿತಕ್ಕೆ ಸ್ನಾಯು ಎಷ್ಟು ಕುಗ್ಗುತ್ತೆ ಅಂತ ಕಂಪ್ಯೂಟರ್ ಅಳೆಯುತ್ತೆ.

ಇಷ್ಟು ಅವಸರ ಯಾಕೆ? 2015ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ, ಹೃದಯ ಆಗಲೇ ಹಾಳಾಗಿದ್ದವರಿಗೆ ಬೆಂಜ್‌ನಿಡಜೋಲ್ ಮಾತ್ರೆ ಕೊಟ್ಟಾಗ ರಕ್ತದಲ್ಲಿ ರೋಗಾಣು ಕಮ್ಮಿಯಾಯ್ತು. ಹೃದಯ ಹದಗೆಡೋದು ಮಾತ್ರ ನಿಲ್ಲಲಿಲ್ಲ.